ಗುರುವಾರದ ಹವಾಪಾಲಟ

ನಾನು ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದು ಮೊದಲು ಕಲಿತದ್ದು ಅಡುಗೆಯನ್ನಲ್ಲ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಯಾವ ಹೊತ್ತಿಗೆ ಇಳಿಸಬೇಕು ಎಂಬುದನ್ನು. ಗಿರಣಿಯ ಭೋಂಗಾ ಕೂಗಿ ಪಾಳಿ ಬದಲಾಯಿತೆಂದರೆ ಚಿಮಣಿಯ ಹೊಗೆ ದಟ್ಟವಾಗುತ್ತಿತ್ತು. ಗಾಳಿ ನಮ್ಮ ಮಂಗಳವಾರ ಪೇಠದ ಕಡೆ ತಿರುಗಿದರೆ ಬಿಳಿ ಧೋತರದ ಮೇಲೆ ಎಳ್ಳು ಉದುರಿಸಿದಂತೆ ಮಸಿ ಬೀಳುತ್ತಿತ್ತು. ನಾನು ಅಕ್ಕಲಕೋಟದವಳು. ನಮ್ಮ ಊರಲ್ಲಿ ಬಟ್ಟೆಯ ಮೇಲೆ ಬೀಳುವುದು ಧೂಳು, ಕೊಡವಿದರೆ ಹೋಗುತ್ತದೆ. ಮಸಿಯನ್ನು ಕೊಡವಿದರೆ ಇನ್ನಷ್ಟು ಹರಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಂದ ವಾರದಲ್ಲೇ ಮಾವನವರ ಮೂರು ಧೋತರ ಕೆಡಿಸಿ, ಮೂಲೆಯಲ್ಲಿ ನಿಂತು ಕಣ್ಣೀರು ಹಾಕಿದೆ.

ಮಾವನವರು ಸಿಟ್ಟಾಗಲಿಲ್ಲ. ಚಿಮಣಿಯ ಕಡೆ ಕೈ ಮಾಡಿ, "ಇರಲಿ ಬಿಡು ಯವ್ವಾ. ಆ ಹೊಗಿ ಅದ ಅಂತನ ನಮ್ಮನಿ ಒಲಿ ಹತ್ತತದ" ಅಂದರು. ಅವರದು ಚಾದರ, ಟಾವೆಲ್ಲುಗಳ ಠೋಕ, ಅಂದರೆ ಸಗಟು ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ ಮತ್ತು ನಾನು, ನಾಲ್ಕೇ ಜನ. ಊರಿನ ಹೊಗೆಯ ಬಗ್ಗೆ ಮಾವನವರಿಗೆ ಒಂದು ರೀತಿಯ ಮಮತೆಯೇ ಇತ್ತು ಅನ್ನಬೇಕು. ಬೇರೆ ಊರಿನವರು ಬಂದು ಮೂಗು ಮುಚ್ಚಿಕೊಂಡರೆ ಇವರಿಗೆ ಅವಮಾನವಾಗುತ್ತಿತ್ತು.

ಅದು ಎಪ್ಪತ್ತರ ದಶಕದ ನಡುಭಾಗ. ಚಿಮಣಿಗಳ ಹೊಗೆ ಆಕಾಶದಲ್ಲಿದ್ದರೆ, ಹೊಸ ಹೊಗೆ ನಮ್ಮ ಮೂಗಿನ ಮಟ್ಟಕ್ಕೇ ಇಳಿದು ಬಂದಿತ್ತು. ಟಾಂಗಾಗಳು ಒಂದೊಂದಾಗಿ ಮಾಯವಾಗಿ ಆ ಜಾಗದಲ್ಲಿ ರಿಕ್ಷಾಗಳು ನಿಂತವು. ನೂಲಿನ ಲಾರಿಗಳು, ಸ್ಕೂಟರುಗಳು, ವ್ಯಾಪಾರಿಗಳ ಹಳೇ ಕಾರುಗಳು ಚೌಕದಲ್ಲಿ ಒಂದಕ್ಕೊಂದು ಅಂಟಿಕೊಂಡು ಗುರುಗುಡುತ್ತಿದ್ದವು. ಪೆಟ್ರೋಲು ತುಟ್ಟಿಯಾದ ಮೇಲೆ ರಿಕ್ಷಾದವರು ಅದರಲ್ಲಿ ಸೀಮೆಎಣ್ಣೆ ಬೆರೆಸತೊಡಗಿದರು. ನಮ್ಮ ಕಡೆ ಅದಕ್ಕೆ ರಾಕೇಲ ಅನ್ನುತ್ತಾರೆ. ಇಡೀ ಪೇಟೆಗೆ ಆರಿಸಿದ ಸ್ಟೋವಿನ ವಾಸನೆ ಬಂತು. ಸುಳ್ಳೇಕೆ ಹೇಳಲಿ, ಮೊದಮೊದಲು ನನಗೆ ಅದು ಇಷ್ಟವೇ ಆಗಿತ್ತು. ದೊಡ್ಡ ಊರಿಗೆ ಬಂದಿದ್ದೇನೆ ಅನ್ನಿಸುತ್ತಿತ್ತು. ಗ್ಯಾಲರಿಯಲ್ಲಿ ನಿಂತು ಮೂಗರಳಿಸುತ್ತಿದ್ದೆ.

ಆದರೆ ಅತ್ತೆಗೆ ದಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ ಹೊಡೆದ ಸದ್ದು. ಬೆಳಿಗ್ಗೆ ಹಾಸಿಗೆಯ ಮೇಲೆ ಕುಳಿತು, ಎರಡು ಕೈಗಳನ್ನೂ ಮೊಳಕಾಲ ಮೇಲೆ ಊರಿ ಉಸಿರಿಗಾಗಿ ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ. ಡಾಕ್ಟರರು ಗುಳಿಗೆ ಕೊಟ್ಟು, ಮರಾಠಿಯಲ್ಲಿ "ಹವಾಪಾಲಟ ಕರಾ" ಅಂದರು. ಅಂದರೆ, ಊರ ಹೊರಗಿನ ಒಳ್ಳೆಯ ಗಾಳಿ ಕುಡಿಸಿ ತನ್ನಿ ಎಂದು. ಬೇರೆಯವರಾಗಿದ್ದರೆ ಹೂಂ ಅಂದು ಸುಮ್ಮನಾಗುತ್ತಿದ್ದರು. ಮಾವನವರು ಆ ಮಾತನ್ನು ಮಾಲಿನ ಆರ್ಡರು ಬಂದಷ್ಟೇ ಗಂಭೀರವಾಗಿ ತೆಗೆದುಕೊಂಡರು. ಹದಿನೈದು ದಿನದಲ್ಲಿ ಹುಣಸೆಹಣ್ಣಿನ ಬಣ್ಣದ ಒಂದು ಹಳೇ ಕಾರು ನಮ್ಮ ಬಾಗಿಲಲ್ಲಿ ಬಂದು ನಿಂತಿತು. ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

"ಇಷ್ಟು ವಯಸ್ಸಿನ್ಯಾಗ ಗಾಡಿ ಹೊಡೀಲಿಕ್ಕೆ ಕಲೀತೀರೇನ್ರಿ? ಟಾಂಗಾದ ಕುದರಿನ ನಿಮ್ಮ ಮಾತು ಕೇಳತಿದ್ದಿಲ್ಲ" ಎಂದು ಅತ್ತೆ ತಮಾಷೆ ಮಾಡಿದರು.

"ನಿನ್ನ ಸಲುವಾಗಿ ಕಲೀತೀನಿ, ನೋಡಾಕತ್ತಿರು" ಅಂದರು ಮಾವ. ಕಲಿತೇ ಕಲಿತರು.

ಗಾಳಿ ಎಲ್ಲಿ ಒಳ್ಳೆಯದು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರ ತಯಾರಿತ್ತು. ಪ್ರತಿ ಗುರುವಾರ ಅಕ್ಕಲಕೋಟದ ಸ್ವಾಮಿಯ ದರ್ಶನಕ್ಕೆ ಹೋಗುವುದು ಸೊಲ್ಲಾಪುರದ ಎಷ್ಟೋ ವ್ಯಾಪಾರಿ ಮನೆಗಳ ರೂಢಿ. "ದೇವರೂ ಆತು, ಹವಾನೂ ಆತು" ಎಂದು ಮಾವ ಗುರುವಾರವನ್ನೇ ಗೊತ್ತುಮಾಡಿದರು. ಅಂಗಡಿಯನ್ನು ನನ್ನ ಗಂಡ ನೋಡಿಕೊಳ್ಳಬೇಕು. ಅತ್ತೆಯನ್ನು ನೋಡಿಕೊಳ್ಳಲು ನಾನು ಜೊತೆಗೆ ಹೋಗಬೇಕು. ಈ ಮಾತು ಕೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ಯಾಕೆಂದರೆ ಅಕ್ಕಲಕೋಟದಲ್ಲಿ ನನ್ನ ಅವ್ವ ಇದ್ದಳು. ಅಣ್ಣನದು ಕಾಳಿನ ಅಂಗಡಿ. ನಾಗಣಸೂರಿನ ಕಡೆಯ ರೈತರು ಜೋಳ, ತೊಗರಿ ತಂದು ಸುರಿಯುವ ಆ ಅಂಗಡಿಯ ಹಿಂದೆಯೇ ನಮ್ಮ ಮನೆ. ಅಷ್ಟು ಹತ್ತಿರ ಇದ್ದರೂ ಸೊಸೆಯಾದವಳು ತನಗೆ ತಾನೇ ಎದ್ದು ತವರಿಗೆ ಹೋಗುವಂತಿರಲಿಲ್ಲ. ಪಂಚಮಿಗೋ ದೀಪಾವಳಿಗೋ ಅಣ್ಣ ಬಂದು ಕರೆಯಬೇಕು, ಅತ್ತೆಮನೆಯವರು ಕಳಿಸಬೇಕು. ಮದುವೆಯಾದ ವರ್ಷ ನಾನು ಅವ್ವನನ್ನು ನೋಡಿದ್ದು ಎರಡೇ ಸಲ. ಈಗ ಅತ್ತೆಯ ದಮ್ಮಿನ ದೆಸೆಯಿಂದ ವಾರಕ್ಕೊಮ್ಮೆ ನೋಡುವ ಯೋಗ. ದರ್ಶನ ಮುಗಿಸಿ ಊಟಕ್ಕೆ ನಮ್ಮ ಮನೆಗೇ ಹೋಗುತ್ತಿದ್ದೆವು. ಮಾವ ಅಣ್ಣನ ಮಂಚದ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದರು. ನಾನು ಅವ್ವನ ಒಲೆಯ ಮುಂದೆ ಕುಳಿತು, ಆಕೆ ಬಡಿಯುವ ರೊಟ್ಟಿಯನ್ನು ಬಿಸಿಬಿಸಿಯಾಗಿ ತಿನ್ನುತ್ತ, ಏನೇನೋ ಹರಟುತ್ತಿದ್ದೆ. ಒಂದೂವರೆ ತಾಸು ಸಿಗುತ್ತಿತ್ತು. ಆರು ದಿನ ಅದನ್ನೇ ನೆನೆಯುತ್ತ ಕಳೆಯುತ್ತಿದ್ದೆ.

ಇನ್ನು ಕಾರಿನ ವಿಷಯ. ಮೊದಲ ಸಲ ಹೊರಟಾಗ ಊರು ದಾಟುವ ನಾಕಾದಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ಸುತ್ತಲೂ ರಿಕ್ಷಾ. ಅತ್ತೆ ಕೆಮ್ಮಿ ಕೆಮ್ಮಿ ಸುಸ್ತಾದರು. ಮಾವನವರಿಗೆ ಅದು ತಡೆಯಲಾಗಲಿಲ್ಲ. "ಊರ ಹೊಗಿ ಇಕಿ ಮೂಗಿಗೆ ತಾಕಬಾರದು" ಎಂದು ಮುಂದಿನ ಗುರುವಾರಕ್ಕೆ ಒಂದು ಉಪಾಯ ಮಾಡಿದರು. ಟಾವೆಲ್ ವ್ಯಾಪಾರಿಗೆ ಹೊಳೆಯುವ ಉಪಾಯ ಟಾವೆಲ್ಲಿನದೇ ತಾನೆ. ಗೆರೆ ತಪ್ಪಿದ, ಎಳೆ ಹರಿದ ಸೆಕೆಂಡ್ ಮಾಲಿನ ಗಂಟು ಬಿಚ್ಚಿ, ಹಿಂದಿನ ಕಿಟಕಿಗಳ ಗಾಜು ಏರಿಸಿ, ಸಂದಿಗೊಂದು ಟಾವೆಲ್ ತುರುಕಿದರು. ಬಾಗಿಲ ಸಂದಿಗೂ ತುರುಕಿದರು. ತಾವು ಮಾತ್ರ ಮುಂದಿನ ಕಿಟಕಿ ತೆರೆದಿಡಲೇಬೇಕಾಗಿತ್ತು, ತಿರುಗುವಾಗ ಕೈ ಹೊರಗೆ ಚಾಚಿ ತೋರಿಸುವುದಕ್ಕೆ. ಆ ಗಾಳಿ ಅತ್ತೆಗೆ ಬಡಿಯದಿರಲಿ ಎಂದು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ದಪ್ಪ ಚಾದರ ಇಳಿಬಿಟ್ಟರು. ನಾವಿಬ್ಬರೂ ಹಿಂದೆ, ಗಂಟಿನಲ್ಲಿ ಕಟ್ಟಿದ ಮಾಲಿನ ಹಾಗೆ.

ಅದರಲ್ಲೂ ಅವರದೊಂದು ಶಿಸ್ತು. ಪ್ರತಿ ಟಾವೆಲ್ಲಿನ ಒಂದು ಮಗ್ಗುಲಿಗೆ ಅಂಗಡಿಯ ನೀಲಿ ಛಾಪು ಇರುತ್ತಿತ್ತು. ಛಾಪಿನ ಮಗ್ಗುಲು ರಸ್ತೆಯ ಕಡೆಗೇ ಇರಬೇಕು. "ಹೋಗೂ ಬರೂ ಮಂದಿ ನೋಡ್ಲಿ" ಎನ್ನುತ್ತಿದ್ದರು. ಹೆಂಡತಿಯ ಪ್ರಾಣ ಉಳಿಸುವ ಕೆಲಸದಲ್ಲೂ ಒಂದಿಷ್ಟು ವ್ಯಾಪಾರ ಆಗಿಹೋಗಲಿ ಎಂಬ ಬುದ್ಧಿ. ನನಗೆ ಈಗಲೂ ನಗು ಬರುತ್ತದೆ. ಗುರುವಾರ ಸಂಜೆ ಟಾವೆಲ್ಲುಗಳನ್ನೆಲ್ಲ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಒಗೆದು ಒಣಗಿಸಿ ಮತ್ತೆ ಸೆಕೆಂಡ್ ಮಾಲಿನ ರಾಶಿಗೆ ಸೇರಿಸಬೇಕು.

ಹವಾಪಾಲಟ ಶುರುವಾಗಿ ಎರಡು ತಿಂಗಳಾಗಿರಬಹುದು. ಅತ್ತೆಯ ದಮ್ಮು ಕಡಿಮೆಯಾಗಲಿಲ್ಲ. ಬುಧವಾರದ ಹೊತ್ತಿಗೆ ಸ್ವಲ್ಪ ಸುಧಾರಿಸಿದವರು ಗುರುವಾರ ಸಂಜೆ ಮತ್ತೆ ಮೊಳಕಾಲಿಗೆ ಕೈ ಊರಿ ಕೂಡುತ್ತಿದ್ದರು. "ಒಳಗಿನ ಕೆಟ್ಟದ್ದು ಹೊರಗ ಬೀಳಾಕತ್ತದ. ಇನ್ನೂ ನಾಕು ಗುರುವಾರ ಹೋಗಬೇಕು" ಎಂದು ಮಾವ ಸಮಾಧಾನ ಹೇಳುತ್ತಿದ್ದರು. ನನಗೂ ದಾರಿಯಲ್ಲಿ ತಲೆನೋವು, ಹೊಟ್ಟೆ ತೊಳೆಸುವುದು. ಅಕ್ಕಲಕೋಟ ಮುಟ್ಟಿ ಇಳಿದ ಕೂಡಲೇ ಒಮ್ಮೆ ವಾಂತಿ ಮಾಡಿಕೊಂಡೆ. ಅವ್ವನ ಮುಖ ಅರಳಿತು. ಒಳಗೆ ಎಳೆದುಕೊಂಡು ಹೋಗಿ, "ಎಷ್ಟು ದಿನ ಆತು?" ಎಂದು ಕಿವಿಯಲ್ಲಿ ಕೇಳಿದಳು. "ಏನೂ ಇಲ್ಲಬೇ ಅವ್ವ" ಅಂದರೂ ನಂಬಲಿಲ್ಲ. ಪ್ರತಿ ಗುರುವಾರ ನಾನು ಓಕರಿಸುವುದು, ಪ್ರತಿ ಗುರುವಾರ ಆಕೆ ಬೆರಳು ಮಡಚಿ ಎಣಿಸುವುದು. ಕಾರು ಇಳಿದ ಅರ್ಧ ತಾಸಿಗೆ ನಾನು ಸರಿಹೋಗಿ ಮೂರು ರೊಟ್ಟಿ ತಿಂದರೆ, "ಇಬ್ಬರದೂ ಒಬ್ಬಾಕಿನ ಉಣ್ಣಬೇಕಲ್ಲ" ಎಂದು ನಾಲ್ಕನೆಯದನ್ನೂ ಹಾಕುತ್ತಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ಕಲ್ಲಿನ ಮೇಲೆ ಟಾವೆಲ್ ಹರಡಿದಾಗ ನನ್ನ ಕೈ ನಿಂತಿತು. ಛಾಪಿನ ಮಗ್ಗುಲು ಕೆಂಪಗೆ ಧೂಳಾಗಿತ್ತು. ರಸ್ತೆಯ ಧೂಳು, ಅದು ಸಹಜ. ಮಗುಚಿ ನೋಡಿದೆ. ಒಳಮಗ್ಗುಲು ಕಪ್ಪಗಿತ್ತು. ಬೆರಳಿಗೆ ಜಿಡ್ಡು ಹತ್ತಿತು. ಮೂಸಿದರೆ ರಾಕೇಲ. ಇನ್ನೊಂದನ್ನು ತೆಗೆದೆ, ಅದೂ ಹಾಗೆಯೇ. ಇಷ್ಟು ವಾರ ಸೋಡಾ ನೀರಿನಲ್ಲಿ ಒಟ್ಟಿಗೇ ಅದ್ದಿಬಿಡುತ್ತಿದ್ದೆ, ಯಾವ ಮಗ್ಗುಲಿಗೆ ಏನು ಎಂದು ನೋಡಿರಲೇ ಇಲ್ಲ. ಬಟ್ಟೆಯ ಮನೆಯಲ್ಲಿ ಎರಡು ವರ್ಷ ಇದ್ದವಳಿಗೆ ಇಷ್ಟಾದರೂ ತಿಳಿಯುತ್ತದೆ. ಮಸಿ ಹೊರಗಿನಿಂದ ಬಂದಿದ್ದರೆ ಛಾಪಿನ ಮೇಲೆ ಕೂಡಬೇಕಿತ್ತು. ನಾವು ಊರ ಹೊಗೆಯನ್ನು ಹೊರಗಿಟ್ಟಿರಲಿಲ್ಲ, ನಮ್ಮ ಹೊಗೆಯನ್ನೇ ಒಳಗೆ ಕಟ್ಟಿಕೊಂಡು ಕೂತಿದ್ದೆವು.

ಅದಕ್ಕೆ ಕಾರಣವೂ ನನಗೆ ಗೊತ್ತಿತ್ತು. ಬುಧವಾರ ಸಂಜೆ ಮಾವನವರು ಲಾಳಿಕೆ ಹಿಡಿದು, ರಿಕ್ಷಾದವರು ಹೇಳಿಕೊಟ್ಟ ಹಾಗೆ, ಪೆಟ್ರೋಲಿನ ಜೊತೆ ರಾಕೇಲ ಹೊಯ್ಯುವುದನ್ನು ನಾನೇ ನೋಡಿದ್ದೆ. ಕಾರಿನ ಕೆಳಗೆ ಸೈಲೆನ್ಸರ್ ಲೊಡಲೊಡ ಅನ್ನುತ್ತಿತ್ತು. ನಮ್ಮ ಕಾಲ ಕೆಳಗಿನ ತಗಡು ತುಕ್ಕು ಹಿಡಿದು ಜಾಳುಜಾಳಾಗಿತ್ತು. ದಾರಿಯುದ್ದಕ್ಕೂ ವಾಸನೆ ಬಂದಾಗಲೆಲ್ಲ ಮಾವ ಮುಂದಿನ ಲಾರಿಯವನನ್ನು ಬೈಯುತ್ತಿದ್ದರು. ಊರೆಲ್ಲ ಒಂದೇ ವಾಸನೆ ಇರುವಾಗ ಯಾರಿಗೆ ಯಾರದೆಂದು ತಿಳಿಯಬೇಕು?

ಆ ಕ್ಷಣವೇ ಕೆಳಗೆ ಇಳಿದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ.

ಹೇಳಿದರೆ ಕಾರು ನಿಲ್ಲುತ್ತದೆ, ಕಾರು ನಿಂತರೆ ಗುರುವಾರ ನಿಲ್ಲುತ್ತದೆ. ಮತ್ತೆ ಪಂಚಮಿಗೆ ಕಾಯಬೇಕು. ಇಷ್ಟೇ ನನ್ನ ಲೆಕ್ಕ. ಬೇರೆ ನೆಪವನ್ನು ಹುಡುಕಲಾರೆ. ಟಾವೆಲ್ಲುಗಳನ್ನು ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಮಸಿ ಕಾಣದಂತೆ ಬೆಳ್ಳಗೆ ಮಾಡಿ ರಾಶಿಗೆ ಸೇರಿಸಿದೆ. ಮುಂದಿನ ಗುರುವಾರ ಕಾರಿನಲ್ಲಿ ಕುಳಿತ ಮೇಲೆ, ಚಾದರದ ಮರೆಯಲ್ಲಿ, ಅತ್ತೆಯ ಪಕ್ಕದ ಕಿಟಕಿಯ ಟಾವೆಲ್ಲಿನ ಒಂದು ಮೂಲೆಯನ್ನು ಮೆಲ್ಲಗೆ ಜಗ್ಗಿ ಬೆರಳಗಲ ಸಂದಿ ಮಾಡಿದೆ. ಅಷ್ಟರಿಂದ ನನ್ನ ಪಾಪ ಕಡಿಮೆಯಾದೀತು ಅಂದುಕೊಂಡೆ. ಅವ್ವನ ಮನೆಯಲ್ಲಿ ಆ ದಿನವೂ ರೊಟ್ಟಿ ತಿಂದೆ. ಅದರ ಮುಂದಿನ ಗುರುವಾರವೂ ಹೀಗೇ ಕಳೆಯಿತು.

ಮೂರನೆಯ ಗುರುವಾರ ಹಿಂತಿರುಗುವಾಗ, ಬಿಸಿಲು ಇನ್ನೂ ಇಳಿದಿರಲಿಲ್ಲ, ದಾರಿಯಲ್ಲಿ ಸಿಗುವ ವಳಸಂಗದ ಹತ್ತಿರ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಾತಾಡಲು ಬಾಯಿ ತೆರೆದರೆ ಮಾತು ಬರಲಿಲ್ಲ, ಬರೀ ಸಿಳ್ಳೆ. ತುಟಿ ಬಣ್ಣಗೆಟ್ಟಿತ್ತು. ನನ್ನ ಕೈಯಲ್ಲಿ ಊರಿದ ಅವರ ಉಗುರುಗಳ ನೋವಿನಿಂದಲೇ ನನಗೆ ಎಚ್ಚರವಾಯಿತು ಅನ್ನಿ. ಚಾದರವನ್ನು ಕಿತ್ತು ಎಳೆದೆ.

"ಮಾವಾ, ಗಾಡಿ ನಿಂದ್ರಸ್ರಿ!"

ಮದುವೆಯಾದಾಗಿನಿಂದ ನಾನು ಅವರ ಮುಂದೆ ದನಿ ಎತ್ತಿದವಳಲ್ಲ. ಅವರು ಗಾಬರಿಯಾಗಿ, "ಎದಕ್ಕ? ಏನಾತು?" ಎಂದು ಕೇಳುತ್ತಲೇ ಓಡಿಸುತ್ತಿದ್ದರು.

"ನಿಂದ್ರಸ್ರಿ ಅಂದೆ!"

ಕಾರು ನಿಂತಿತು. ಬಾಗಿಲು ತೆರೆದು, ಟಾವೆಲ್ಲುಗಳನ್ನು ಕಿತ್ತು ರಸ್ತೆಗೆ ಎಸೆದೆ. ಮಾವನವರ ಬಾಯಿಂದ ಮೊದಲು ಬಂದದ್ದು "ಅಯ್ಯೋ, ಮಾಲು!" ಎಂಬ ಮಾತೇ. ಅಷ್ಟರಲ್ಲಿ ಹೆಂಡತಿಯ ಮುಖ ಕಂಡಿತು. ಇಬ್ಬರೂ ಸೇರಿ ಅತ್ತೆಯನ್ನು ಬೇವಿನ ಗಿಡದ ಕೆಳಗೆ ಕೂಡಿಸಿದೆವು. ಮಾವ ತಲೆಯ ಟೋಪಿ ತೆಗೆದು ಅದರಿಂದಲೇ ಗಾಳಿ ಬೀಸಿದರು. ಸುತ್ತಲೂ ಜೋಳದ ಹೊಲ, ನೀರು ಹಾಯಿಸಿದ ಮಣ್ಣಿನ ವಾಸನೆ. ನಿಧಾನವಾಗಿ, ಬಹಳ ನಿಧಾನವಾಗಿ ಅತ್ತೆಯ ಎದೆಯ ಸಿಳ್ಳೆ ಸಣ್ಣದಾಯಿತು. ನಾನು ಅಳುತ್ತಿದ್ದೆ.

"ಹೊಗಿ ಊರಿಂದಲ್ರಿ ಮಾವಾ. ಗಾಡೀದು. ನಾವ ಒಳಗ ಕೂತು ಕುಡ್ಯಾಕತ್ತೀವಿ" ಅಂದೆ.

"ಯಾರು ಹೇಳ್ಯಾರ ನಿನಗ?"

ರಸ್ತೆಯಿಂದ ಒಂದು ಟಾವೆಲ್ ಎತ್ತಿ ತಂದು ಕೈಗೆ ಕೊಟ್ಟೆ. "ಛಾಪಿನ ಮಗ್ಗಲು ನೋಡ್ರಿ, ಧೂಳದ. ಈಗ ಮಗಚಿ ನೋಡ್ರಿ."

ಅವರು ಮಗುಚಿದರು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಹಿಡಿದು, ಅಂಗಡಿಯಲ್ಲಿ ಮಾಲು ಪರೀಕ್ಷಿಸುವಂತೆ ತಿಕ್ಕಿದರು. ಮೂಸಿದರು. ಬಿಳಿ ಧೋತರದಲ್ಲೇ ರಸ್ತೆಯ ಮೇಲೆ ಮೊಳಕಾಲೂರಿ, ಕಾರಿನ ಕೆಳಗೆ ತಲೆ ಹಾಕಿ ನೋಡಿದರು. ಎದ್ದಾಗ ಹಣೆಗೆ ಮಸಿ ಹತ್ತಿತ್ತು, ಕಣ್ಣಲ್ಲಿ ನೀರಿತ್ತು.

"ಚಲೋ ಹವಾ ಕುಡಸ್ತೀನಂತ ಕರಕೊಂಡು ಬಂದು ಹೊಗಿ ಕುಡಸೀನಿ ಇಕಿಗೆ."

ಅತ್ತೆಗೆ ಇನ್ನೂ ಪೂರ್ತಿ ಉಸಿರು ತಿರುಗಿರದಿದ್ದರೂ ಅವರು ಸುಮ್ಮನಿರಲಿಲ್ಲ. "ಇರ್ಲಿ ಬಿಡ್ರಿ. ಪ್ರೀತೀಲೇ ಕುಡಸೀರಿ" ಅಂದರು. ಮಾವ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ.

ಆ ದಿನ ಎಲ್ಲ ಕಿಟಕಿ ತೆರೆದು, ಅತ್ತೆಯನ್ನು ಮುಂದೆ ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ ಊರು ಸೇರಿಸಿದರು. ಹಿಂದಿನಿಂದ ಲಾರಿಗಳು ಭೋಂ ಭೋಂ ಎಂದು ಹಾರ್ನ್ ಹೊಡೆದವು. ಮಾವ ಯಾರನ್ನೂ ಬೈಯಲಿಲ್ಲ. ಮರುದಿನದಿಂದ ಕಾರು ಬಾಗಿಲಲ್ಲೇ ನಿಂತಿತು. ಸೈಲೆನ್ಸರ್ ರಿಪೇರಿಯಾಯಿತು, ರಾಕೇಲ ನಿಂತಿತು, ಆದರೂ ಅತ್ತೆಯನ್ನು ಅದರಲ್ಲಿ ಕೂಡಿಸಲು ಮಾವನವರಿಗೆ ಮನಸ್ಸು ಬರಲಿಲ್ಲ. ಗುರುವಾರ ಬಂತು, ಹೋಯಿತು. ನಾನು ಅಂದುಕೊಂಡಂತೆಯೇ ಆಯಿತು. ಅದರ ಮುಂದಿನ ಗುರುವಾರ ಮಧ್ಯಾಹ್ನ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು, ನಾನು ಎದುರಿಗೆ ಕುಳಿತು ಹರಳು ಆರಿಸುತ್ತಿದ್ದೆ.

"ಒಂದು ಕೇಳತೀನಿ, ಖರೇ ಹೇಳಬೇಕು. ಮೊದಲ ಟಾವೆಲ್ ಬರೇ ಒಗೀತಿದ್ದಿ. ಆಮ್ಯಾಲೆ ಹಂಡೇದಾಗ ಕುದಸಾಕ ಯಾಕ ಚಾಲೂ ಮಾಡಿದಿ?"

ದಮ್ಮಿನವರು, ಮೂಲೆಯಲ್ಲಿ ಕೂತಿರುತ್ತಾರೆ, ಏನು ನೋಡುತ್ತಾರೆ ಅಂದುಕೊಂಡಿದ್ದೆ. ಎಲ್ಲವನ್ನೂ ನೋಡಿದ್ದರು.

"ಗೊತ್ತಾಗಿತ್ತರಿ ಅತ್ತಿ" ಅಂದೆ. "ಹೇಳಿದ್ರ ಗುರುವಾರ ನಿಂತಹೋಗತಿತ್ತು. ಅವ್ವ..."

ಅತ್ತೆ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. ಬೈಯಲಿ, ಎರಡು ಏಟು ಹಾಕಲಿ, ನನ್ನ ಗಂಡನಿಗೆ ಹೇಳಲಿ ಎಂದು ತಲೆ ತಗ್ಗಿಸಿ ಕಾಯುತ್ತಿದ್ದೆ.

"ನಿನ್ನ ಜಾಗಾದಾಗ ನಾ ಇದ್ರೂ ಹೇಳತಿದ್ದಿಲ್ಲ ಬಿಡು" ಅಂದರು. ಮೊರವನ್ನು ಒಮ್ಮೆ ಕೊಡವಿ ಮುಂದುವರಿಸಿದರು: "ನಂದೂ ಒಂದು ತವರು ಅದ. ಕಂದಲಗಾಂವ. ದೂರೇನಿಲ್ಲ, ಇಲ್ಲೇ. ತಮ್ಮನ ಮಗನ ಲಗ್ನಕ್ಕ ಹೋಗಿ ಬಂದಾಕಿ, ಆಮ್ಯಾಲೆ ಹೋಗೇ ಇಲ್ಲ. ಈಗ ಆ ಹುಡುಗನ ಮಗ ಸಾಲಿಗೆ ಹೋಗತಾನಂತ. ಗಾಡಿ ಬಂದಾಗ ಒಂದು ಸಲ ಕೇಳಬೇಕಂತ ಮಾಡಿದ್ದೆ. ದೇವರಿಗೆ ಹೊಂಟವರಿಗೆ ನನ್ನ ತವರಿನ ಕಡೆ ತಿರಗಸ್ರಿ ಅಂತ ಹೆಂಗ ಅನ್ನಲಿ? ಈ ವಯಸ್ಸಿನ್ಯಾಗ ತವರು ಅಂದ್ರ ಮಂದಿ ನಗತಾರ."

ಎರಡು ವರ್ಷ ಅದೇ ಮನೆಯಲ್ಲಿದ್ದೆ. ವಾರ ವಾರ ಅವರ ಮುಂದೆಯೇ ನನ್ನ ಅವ್ವನ ಕೈ ರೊಟ್ಟಿ ತಿಂದು ಬಂದಿದ್ದೆ. ನಿಮ್ಮ ತವರು ಯಾವುದು ಅತ್ತೀ ಎಂದು ಒಂದು ದಿನ ಕೇಳಿರಲಿಲ್ಲ. ಅತ್ತೆಗೆ ದಮ್ಮು ಇದೆ, ಸೊಂಟನೋವು ಇದೆ, ಮಗ ಇದ್ದಾನೆ, ಇಷ್ಟು ಗೊತ್ತಿತ್ತು ನನಗೆ. ತವರು ಇದ್ದೀತು ಅನ್ನಿಸಿರಲೇ ಇಲ್ಲ. ಟಾವೆಲ್ಲಿನ ಮಸಿ ಕಂಡ ದಿನಕ್ಕಿಂತ ಹೆಚ್ಚು ನಾಚಿಕೆ ಆ ಮಧ್ಯಾಹ್ನ ಆಯಿತು.

ಆಗಲೇ ಎದ್ದು ಅಂಗಡಿಗೆ ಇಳಿದೆ. ಮಾವನವರ ಮುಂದೆ ನಿಂತು, "ಅತ್ತೀನ್ನ ಕಂದಲಗಾಂವಕ್ಕ ಕರಕೊಂಡು ಹೋಗತೀನ್ರಿ, ಬಸ್ಸಿನ್ಯಾಗ" ಅಂದೆ.

"ಕಂದಲಗಾಂವಕ್ಕ? ಅಲ್ಲೇನದ ಈಗ?"

"ತವರು ಅದರಿ."

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಮತ್ತ ಆಕಿ ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದರು.

ಮುಂದಿನ ಗುರುವಾರ ಬೆಳಿಗ್ಗೆ ಅವರೇ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಕರೆತಂದು, ನೂಕಿಕೊಂಡು ಒಳಗೆ ನುಗ್ಗಿ, ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟರು. ಬಸ್ಸೂ ಹೊಗೆ ಬಿಡುತ್ತಿತ್ತು. ನಮ್ಮ ಹಿಂದೆ ಬರುವವರು ಅದನ್ನು ಕುಡಿದಿರಬೇಕು, ಯಾರನ್ನು ಬೈದರೋ. ಊರು ದಾಟಿದ ಮೇಲೆ ಅತ್ತೆ ಸೆರಗು ಸರಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡರು. ದಮ್ಮು ಪೂರ್ತಿ ಹೋಗಿರಲಿಲ್ಲ, ಅದು ಕಡೆಯವರೆಗೂ ಹೋಗಲಿಲ್ಲ. ಆ ದಿನ ಮಾತ್ರ ಎದೆಯಲ್ಲಿ ಸಿಳ್ಳೆ ಕೇಳಿಸಲಿಲ್ಲ. ಕಂದಲಗಾಂವದ ಗಿಡಗಳು ದೂರದಲ್ಲಿ ಕಂಡದ್ದೇ ತಡ, ಎದ್ದು ನಿಂತರು. ಇನ್ನೂ ಹೊತ್ತಿದೆ, ಕೂತುಕೊಳ್ಳಿ ಆಯಿ ಎಂದು ಕಂಡಕ್ಟರ್ ಮರಾಠಿಯಲ್ಲಿ ಹೇಳಿದ. ನಾನೂ ಸೆರಗು ಹಿಡಿದು ಜಗ್ಗಿದೆ. ಅತ್ತೆ ಕೂಡಲಿಲ್ಲ.